ಮೂಲೆ ಕತ್ತರಿಸಿದ ಕಾರ್ಡು

ಮಾಳಮಡ್ಡಿಯ ಆ ಓಣಿಗೆ ಟಪಾಲಿನ ಶಿದ್ದಪ್ಪ ಬರುವ ಹೊತ್ತು ಎಲ್ಲ ಮನೆಗಳಿಗೂ ಗೊತ್ತಿತ್ತು. ಸಾರು ಇಳಿಸಿ ಅನ್ನಕ್ಕೆ ಎಸರಿಡುವ ಹೊತ್ತಿಗೆ ಸರಿಯಾಗಿ ಮೂಲೆಯ ಬೇವಿನ ಗಿಡದ ಹತ್ತಿರ ಅವನ ದನಿ ಏಳುತ್ತಿತ್ತು. ಕಾಗದ ಬಂದವರನ್ನು ಹೆಸರು ಹಿಡಿದು ಕೂಗುತ್ತಿದ್ದ. ಬಾರದವರ ಬಾಗಿಲ ಮುಂದೆಯೂ ಸುಮ್ಮನೆ ಹೋಗುವವನಲ್ಲ. "ನಾಳಿ ಬರತೈತ್ರಿ" ಎಂದು ಒಂದು ಮಾತು ಹಾಕಿಯೇ ಮುಂದಿನ ಮನೆಗೆ ನಡೆಯುತ್ತಿದ್ದ. ಆ ಒಂದು ಮಾತನ್ನು ನೆಚ್ಚಿಕೊಂಡು ಮಂದಾಕಿನಿ ನಾಲ್ಕು ತಿಂಗಳು ಕಳೆದಿದ್ದಳು.

ಅವಳ ಗಂಡ ತ್ರ್ಯಂಬಕ ಧಾರವಾಡದ ಒಂದು ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ನೂಲಿಗೆ ಬಣ್ಣ ಹಾಕುವ ರಸಾಯನಶಾಸ್ತ್ರ ಕಲಿತು ಬರಲೆಂದು ಮುಂಬೈಯ ಒಂದು ಟ್ರಸ್ಟಿನವರು ಅವನಿಗೆ ಸ್ಕಾಲರ್‌ಶಿಪ್ ಕೊಟ್ಟು ಗ್ಲಾಸ್ಗೋ ಪಟ್ಟಣಕ್ಕೆ ಕಳಿಸಿದ್ದರು. ಮೂವತ್ತೆಂಟನೆಯ ಇಸವಿಯ ಆಗಸ್ಟಿನಲ್ಲಿ ಅವನು ಹಡಗು ಹತ್ತಿದಾಗ ಮಂದಾಕಿನಿ ನಾಲ್ಕು ತಿಂಗಳ ಬಸುರಿ. ಮಗಳು ತಾರಾಳ ಮುಖವನ್ನು ಅವನು ಫೋಟೋದಲ್ಲಷ್ಟೇ ನೋಡಿದ್ದ. ಮೂರು ವರ್ಷದ ಓದು, ಆಮೇಲೆ ಮನೆ, ಎಂದು ಎಲ್ಲರೂ ಅಂದುಕೊಂಡಿದ್ದಾಗ ನಡುವೆ ಯುದ್ಧ ಬಂದು ಕೂತಿತು. ಈಗ ನಲವತ್ತೊಂದರ ಶ್ರಾವಣ. ಮನೆಯಲ್ಲಿ ಅತ್ತೆ ಗೋದಾಬಾಯಿ, ಎರಡೂವರೆ ವರ್ಷದ ತಾರಾ, ಮಂದಾಕಿನಿ, ಇಷ್ಟೇ ಜನ.

ಮೊದಲ ವರ್ಷದ ಕಾಗದಗಳ ತುಂಬ ಚಳಿ ಮತ್ತು ಊಟ. ಮಿಸೆಸ್ ಗ್ರೇ ಎಂಬ ಮುದುಕಿಯ ಮನೆಯ ಅಟ್ಟದ ಮೇಲೆ ಅವನಿಗೊಂದು ಕೋಣೆ. ಆ ಕೋಣೆಯ ಗ್ಯಾಸಿನ ಒಲೆಗೆ ನಾಣ್ಯ ನುಂಗಿಸಿದರಷ್ಟೇ ಉರಿ. ಮುದುಕಿ ಕೋಬೀಜನ್ನು, ಎಂದರೆ ಎಲೆಕೋಸನ್ನು, ನೀರಲ್ಲಿ ಬೇಯಿಸಿ, ಬಸಿದು, ಹಾಗೆಯೇ ತಟ್ಟೆಗೆ ಹಾಕುತ್ತಾಳೆ. ಅದಕ್ಕೆ ಅವ್ವ ಕೊಟ್ಟ ಚಟ್ನಿಪುಡಿ ಉದುರಿಸಿಕೊಂಡು ತಿಂದು ಕಾಲೇಜಿಗೆ ಹೋಗುತ್ತೇನೆ ಎನ್ನುತ್ತಿದ್ದ. ಸಂಜೆ ಬರುವಾಗ ಹತ್ತು ಬೆರಳಿಗೂ ಹತ್ತು ಬಣ್ಣ ಹತ್ತಿರುತ್ತದೆ. ಯುದ್ಧ ಬಂದ ಮೇಲೆ ರೇಶನ್ನಿನ ಪುಸ್ತಕ ಬಂತು. ಮಾಂಸ ತಿನ್ನುವುದಿಲ್ಲ ಎಂದು ಕಚೇರಿಯಲ್ಲಿ ಬರೆದುಕೊಟ್ಟಿದ್ದಕ್ಕೆ ಅದರ ಬದಲು ಚೀಸು ಕೊಡುತ್ತಾರೆ, ಸಾಬೂನಿನ ತುಂಡಿನ ಹಾಗೆ ಇರುತ್ತದೆ, ಆದರೂ ರುಚಿ ಹತ್ತಿದೆ, ಎಂದು ಬರೆದಿದ್ದ.

ಆಮೇಲಿನ ಕಾಗದಗಳಲ್ಲಿ ಬೇರೆ ಸುದ್ದಿ ಶುರುವಾಯಿತು. ಕಾಲೇಜಿನ ಮಾಳಿಗೆಯ ಮೇಲೆ ಉಸುಕಿನ ಬಕೆಟ್ ಇಟ್ಟುಕೊಂಡು, ಬಾಂಬಿನಿಂದ ಬೆಂಕಿ ಹತ್ತದಂತೆ ರಾತ್ರಿ ಕಾಯುವ ಪಾಳಿಗೆ ಅವನು ತಾನಾಗಿಯೇ ಹೆಸರು ಕೊಟ್ಟಿದ್ದ. ರವಿವಾರಗಳಂದು ಬಂದರಿನ ಹತ್ತಿರದ ಒಂದು ದವಾಖಾನೆಗೆ ಹೋಗುತ್ತಿದ್ದ. ಅಲ್ಲಿ ನಮ್ಮ ದೇಶದ ಹಡಗಿನ ಆಳುಗಳು ಸುಟ್ಟುಕೊಂಡು, ಮುರಿದುಕೊಂಡು ಮಲಗಿದ್ದರು. ಅವರಿಗೆ ಬರೆಯಲು ಬಾರದು, ನರ್ಸುಗಳಿಗೆ ಅವರ ಮಾತು ತಿಳಿಯದು. ತ್ರ್ಯಂಬಕ ಮಂಚದ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಹಿಂದಿಯಲ್ಲಿ, ಮರಾಠಿಯಲ್ಲಿ ಬರೆದುಕೊಡುತ್ತಿದ್ದ. ಒಂದು ದಿನ ಪೆನ್ನಿನ ಮಸಿ ಸೋರಿ ಕೈಯೆಲ್ಲ ಆದಾಗ "ಥೂ ಇದರ" ಎಂದು ತನ್ನಷ್ಟಕ್ಕೆ ಅಂದುಕೊಂಡನಂತೆ. ಮೂಲೆಯ ಮಂಚದಿಂದ, ತಲೆಗೆ ಪಟ್ಟಿ ಸುತ್ತಿದ ಒಬ್ಬ ಎದ್ದು ಕೂತು, "ಯಾವೂರವ್ರೀ ಸಾಹೇಬ್ರ ನೀವು?" ಎಂದು ಕನ್ನಡದಲ್ಲಿ ಕೇಳಿದ. ಅವನು ಹುಬ್ಬಳ್ಳಿ ಮಗ್ಗುಲಿನ ಬೆಂಗೇರಿಯ ಗೌಸಮೊದ್ದೀನ, ಹಡಗಿನ ಇಂಜಿನಿಗೆ ಕಲ್ಲಿದ್ದಲು ಹಾಕುವವನು. ಆ ದಿನ ತ್ರ್ಯಂಬಕ ಬೇರೆ ಯಾರ ಕಾಗದವನ್ನೂ ಬರೆಯಲಿಲ್ಲವಂತೆ. ಇಬ್ಬರೂ ಕೂತು ಬದನೆಕಾಯಿ ಎಣ್ಣೆಗಾಯಿಯ ಮಾತನ್ನೇ ಆಡಿದರಂತೆ.

ಗೌಸಮೊದ್ದೀನನ ತಾಯಿ ಶಮೀಮಳಿಗೆ ಬರೆದ ಕಾಗದ ಮಂದಾಕಿನಿಯ ಲಕೋಟೆಯೊಳಗೇ ಬಂತು, ನೀನೇ ಹೋಗಿ ಓದಿ ಹೇಳು ಎಂಬ ಮಾತಿನ ಜೊತೆ. ಗೋದಾಬಾಯಿ ಬೇಡ ಅನ್ನಲಿಲ್ಲ. ಬಂದ ಮೇಲೆ ಸ್ನಾನ ಮಾಡು ಎಂದಷ್ಟೇ ಹೇಳಿದರು. ಮಂದಾಕಿನಿ ತಾರಾಳನ್ನು ಎತ್ತಿಕೊಂಡು ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಬೆಂಗೇರಿಯವರೆಗೆ ಟಾಂಗಾ ಮಾಡಿ, ಶಮೀಮಳ ಅಂಗಳದ ಹೊರಸಿನ ಮೇಲೆ ಕೂತು ಕಾಗದ ಓದಿದಳು. ಶಮೀಮ ಮೂರು ಸಲ ಓದಿಸಿದಳು. ಮೂರನೆಯ ಸಲ ಓದುವಾಗ ಮಂದಾಕಿನಿಗೆ ಅದು ತನ್ನದೇ ಕಾಗದವೆನಿಸಿತು. ಎರಡನೆಯ ಕಾಗದ ಬಂದು ಅವಳು ಮತ್ತೆ ಬೆಂಗೇರಿಗೆ ಹೊರಟಾಗ ಗೋದಾಬಾಯಿ ಒಂದು ಡಬ್ಬಿಯ ತುಂಬ ಚಟ್ನಿಪುಡಿ ಕಟ್ಟಿಕೊಟ್ಟರು. ಸ್ನಾನದ ಮಾತು ಎತ್ತಲಿಲ್ಲ.

ಗಂಡನ ಕಾಗದಗಳನ್ನು ಅತ್ತೆಗೆ ಓದಿ ಹೇಳುವ ಕೆಲಸವೂ ಮಂದಾಕಿನಿಯದೇ. ಅದರಲ್ಲಿ ಅವಳು ಕೈ ಪಳಗಿಸಿಕೊಂಡಿದ್ದಳು. ಬಾಂಬಿನ ಮಾತು ಬಂದಲ್ಲಿ ಚಳಿಯ ಮಾತು ಹಾಕುತ್ತಿದ್ದಳು. ಮಾಳಿಗೆಯ ಮೇಲೆ ಬೆಂಕಿ ಕಾಯುವುದು ಅವಳ ಓದಿನಲ್ಲಿ ಗಾಳಿಗೆ ಅಡ್ಡಾಡುವುದಾಗಿತ್ತು. ಗೋದಾಬಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದರು, ಮುಗಿದ ಮೇಲೆ "ಊಟಾ ಮಾಡ್ತಾನಂತಲ್ಲಾ" ಎಂದು ಏಳುತ್ತಿದ್ದರು.

ಕೊನೆಯ ಕಾಗದ ಬಂದದ್ದು ಹೋಳಿಹುಣ್ಣಿಮೆಯ ಸುಮಾರಿಗೆ. ಅದಾಗಿ ವಾರದೊಳಗೆ ಆ ಊರಿನ ಹೊಳೆದಂಡೆಯ ಹಡಗುಕಟ್ಟೆಗಳ ಮೇಲೆ ಎರಡು ದಿನ ಒಂದೇ ಸಮನೆ ಬಾಂಬು ಬಿದ್ದವೆಂದು ಪೇಪರಿನಲ್ಲಿ ಬಂತು. ಎದುರು ಮನೆಯ ರಮಾಕಾಂತ ಕಾಕಾ, ಕಲೆಕ್ಟರ್ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನಕಿ ಮಾಡಿ ಪೆನ್ಶನ್ ಪಡೆದವರು, ದಿನವೂ ಇಂಗ್ಲಿಷ್ ಪೇಪರು ಓದಿ ಓಣಿಗೆಲ್ಲ ಸುದ್ದಿ ಹೇಳುವವರು, ಆ ದಿನ ಪೇಪರಿನ ಆ ಹಾಳೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡರು. ಮಂದಾಕಿನಿಗೆ ಇಂಗ್ಲಿಷ್ ಬಾರದು. ಆದರೆ ಅರವತ್ತು ಲಕೋಟೆಗಳ ಮೇಲೆ ಬರೆದೂ ಬರೆದೂ ಆ ಊರಿನ ಹೆಸರು ಅವಳ ಕೈಗೆ ಕುಂತಿತ್ತು. ಕಾಕಾ ಸ್ನಾನಕ್ಕೆ ಎದ್ದಾಗ ಹಾಳೆಯಲ್ಲಿ ಆ ಹೆಸರನ್ನು ಗುರುತು ಹಿಡಿದಳು. ಮನೆಗೆ ಬಂದು ಜೋಳ ಹಸನು ಮಾಡುತ್ತ ಕೂತಳು. ಅತ್ತೆಗೆ ಹೇಳಲಿಲ್ಲ.

ಅಂದಿನಿಂದ ದಿನವೂ ಹತ್ತೂವರೆಗೆ ಶಿದ್ದಪ್ಪ, ದಿನವೂ "ನಾಳಿ ಬರತೈತ್ರಿ". ಯುಗಾದಿ ಹೋಯಿತು, ಕಾರಹುಣ್ಣಿಮೆ ಹೋಯಿತು, ಶ್ರಾವಣ ಬಂತು. ತಾರಾ ಹೊಸದಾಗಿ ಆಡಿದ ಮಾತುಗಳನ್ನು ಮಂದಾಕಿನಿ ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತಿದ್ದಳು, ಅವರು ಬಂದಾಗ ಓದಲಿ ಎಂದು. ಕಾಗದ ನಿಂತ ಮೇಲೂ ಅದನ್ನು ಬಿಡಲಿಲ್ಲ. ಬಿಟ್ಟರೆ ಏನೋ ಒಂದನ್ನು ಒಪ್ಪಿಕೊಂಡ ಹಾಗೆ ಆಗುತ್ತದೆ ಎಂದು ಅವಳಿಗೆ ಅನಿಸುತ್ತಿತ್ತು.

ಪಂಚಮಿ ಸೋಮವಾರ ಬಂದಿತ್ತು, ಮರುದಿನವೇ ಮಂಗಳಗೌರಿ. ಮದುವೆಯಾದ ಹೆಣ್ಣು ಐದು ವರ್ಷ ಶ್ರಾವಣದ ಮಂಗಳವಾರಗಳಂದು ಗಂಡನ ಆಯುಷ್ಯ ಬೇಡಿ ಗೌರಿಯನ್ನು ಪೂಜಿಸಬೇಕು. ಮಂದಾಕಿನಿಗೆ ಇದು ಐದನೆಯ ವರ್ಷ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಉಂಡಿ ಕಟ್ಟುವಾಗ ತಾರಾ ಮುಖಕ್ಕೆಲ್ಲ ಬೆಲ್ಲ ಬಳಿದುಕೊಂಡಿದ್ದಳು. ಹಬ್ಬದ ಗದ್ದಲದಲ್ಲಿ ಮಂದಾಕಿನಿಗೆ ಒಂದು ಸಂಗತಿ ತಡವಾಗಿ ಗಮನಕ್ಕೆ ಬಂತು. ಶನಿವಾರದಿಂದ ಶಿದ್ದಪ್ಪ ಅವರ ಬಾಗಿಲ ಮುಂದೆ ಏನೂ ಅಂದಿರಲಿಲ್ಲ. ಓಣಿಯ ಆಚೆ ಮಗ್ಗುಲಿಗೆ ಸರಿದು, ಗೋಡೆ ಹಿಡಿದು ಹೋಗುತ್ತಿದ್ದ.

ಮಂಗಳವಾರ ಪೂಜೆ ಮುಗಿಸಿ, ಹದಿನಾರು ದೀಪ ಬೆಳಗಿ, ಓಣಿಯ ಮುತ್ತೈದೆಯರನ್ನು ಅರಿಷಿಣ ಕುಂಕುಮಕ್ಕೆ ಕರೆದಳು. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಕಾಶೀಕಾಕು, ರಮಾಕಾಂತ ಕಾಕಾನ ಹೆಂಡತಿ. ಅವರಿಂದ ತಲೆನೋವು ಎಂದು ಹೇಳಿಕೆ ಬಂತು. ಅದೇ ಮುಂಜಾನೆ ಬಾವಿಯ ಹತ್ತಿರ ಅವರು ಎರಡು ಕೊಡ ನೀರು ಸೇದಿದ್ದನ್ನು ಮಂದಾಕಿನಿ ಕಣ್ಣಾರೆ ಕಂಡಿದ್ದಳು. ಬಂದ ನಾಲ್ವರೂ ಅವಳ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳುವಾಗ ನೆಲ ನೋಡಿದರು. ಹಾಡು ಹೇಳು ಅಂದರೆ ಗಂಟಲು ಕಟ್ಟಿದೆ ಅಂದರು. ಒಬ್ಬಳು ತಾರಾಳನ್ನು ಎತ್ತಿಕೊಂಡು ಗಟ್ಟಿಯಾಗಿ ಅಪ್ಪಿ, ಕೂಸು ಕಿರುಚಿದ ಮೇಲೆ ಬಿಟ್ಟು, ಉಡಿಯ ಅಕ್ಕಿಯನ್ನು ಸೆರಗಿಗೆ ಸರಿಯಾಗಿ ಕಟ್ಟಿಕೊಳ್ಳದೆಯೇ ಹೊರಟುಬಿಟ್ಟಳು. ಬಾಗಿಲಿಂದ ಗೇಟಿನವರೆಗೆ ಅಕ್ಕಿ ಸುರಿದಿತ್ತು. ಆ ಅಕ್ಕಿಯನ್ನು ಮಂದಾಕಿನಿ ಒಂದೊಂದೇ ಆರಿಸಿ ಎತ್ತಿದಳು. ತನಗೆ ಗೊತ್ತಿಲ್ಲದ್ದು ಓಣಿಗೆ ಗೊತ್ತಿದೆ, ಅದು ಏನೆಂದು ಕೇಳಿದರೆ ಯಾರೂ ಹೇಳುವುದಿಲ್ಲ, ಎಂಬುದು ಅವಳಿಗೆ ಖಾತ್ರಿಯಾಯಿತು.

ಬುಧವಾರ ಪೂರ್ತಿ ಅವಳು ಕೇಳಲಿಲ್ಲ. ಕೇಳದೆ ಇರುವಷ್ಟು ಹೊತ್ತು ತನ್ನವರು ಬದುಕಿರುತ್ತಾರೆ ಎಂದು ಒಂದು ಮನಸ್ಸು ಹೇಳುತ್ತಿತ್ತು. ಗುರುವಾರ ಹತ್ತೂವರೆಗೆ, ಎಸರಿಟ್ಟು, ತಾರಾಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಹೋಗಿ ಗೇಟಿನಲ್ಲಿ ನಿಂತಳು. ಶಿದ್ದಪ್ಪ ಆಚೆ ಮಗ್ಗುಲಿಗೆ ಸರಿಯುತ್ತಿದ್ದ.

"ಶಿದ್ದಪ್ಪಾ, ನಿಂದ್ರು."

"ಇವತ್ತ ನಿಮ್ದೇನೂ ಇಲ್ರಿ ಬಾಯಾರ."

"ಇಲ್ಲ ಅನ್ನೂದನ್ನ ಇಲ್ಲಿ ಬಂದು ಹೇಳು. ದಿನಾ ಹೇಳತಿದ್ದಿ, ನಾಳಿ ಬರತದ ಅಂತ. ಐದು ದಿನಾ ಆತು, ಅದನ್ನ ಸುದ್ಧಾ ಹೇಳವಲ್ಲಿ."

ಶಿದ್ದಪ್ಪ ಓಣಿಯ ನಡುವೆ ನಿಂತ. ಲಕಮನಹಳ್ಳಿಯಿಂದ ದಿನವೂ ನಡೆದು ಬಂದು ಇಪ್ಪತ್ತು ವರ್ಷ ಟಪಾಲು ಹಂಚಿದವನು, ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ಬಾಯಾರ, ಮೊದ್ಲ ಕೂಸಿನ್ನ ಒಳಗ ಬಿಟ್ಟು ಬರ್ರಿ."

ಮಂದಾಕಿನಿ ಒಳಗೆ ಹೋದಳು. ಗೋದಾಬಾಯಿ ಮಡಿಯಲ್ಲಿ ಒಲೆಯ ಮುಂದೆ ಇದ್ದರು. ಊಟವಾಗುವವರೆಗೆ ಅವರು ಮೊಮ್ಮಗಳನ್ನು ಮುಟ್ಟುವುದಿಲ್ಲ; ತಾರಾ ಸೆರಗಿಗೆ ಕೈ ಚಾಚಿದರೂ ಹಿಂದೆ ಸರಿಯುತ್ತಿದ್ದವರು. ಸೊಸೆಯ ಮುಖವನ್ನು ಒಮ್ಮೆ ನೋಡಿ, ಎರಡೂ ಕೈ ಮುಂದೆ ಮಾಡಿ ಕೂಸನ್ನು ತೆಗೆದುಕೊಂಡರು.

ಶಿದ್ದಪ್ಪ ಅಂಗಳದೊಳಗೆ ಬಂದು ನಿಂತಿದ್ದ. ಕಾರ್ಡನ್ನು ಅವನು ತೆಗೆದದ್ದು ಟಪಾಲಿನ ಚೀಲದಿಂದಲ್ಲ, ಕೋಟಿನ ಒಳಕಿಸೆಯಿಂದ. ಅವಳ ಕೈಗೆ ಕೊಡಲಿಲ್ಲ. ಅರಿವೆ ಒಗೆಯುವ ಕಲ್ಲಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಕಾರ್ಡಿನ ಮೇಲಿನ ಎಡಮೂಲೆ ಇರಲಿಲ್ಲ.

ಸಾವಿನ ಸುದ್ದಿ ಬರೆದವರು ಕಾರ್ಡಿನ ಒಂದು ಮೂಲೆ ಹರಿದು ಡಬ್ಬಿಗೆ ಹಾಕುತ್ತಾರೆ, ಪಡೆಯುವವರಿಗೆ ಓದುವ ಮೊದಲೇ ತಿಳಿಯಲಿ ಎಂದು. ಅಂಥದ್ದನ್ನು ಯಾರೂ ಹೊಸ್ತಿಲೊಳಗೆ ತರುವುದಿಲ್ಲ. ಹೊರಗೆ ನಿಂತೇ ಓದಿ, ಹರಿದು ಒಗೆದು, ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ. ಮದುವೆ ಮುಂಜಿವೆಯ ಕಾಗದವಾದರೆ ನಾಲ್ಕು ಮೂಲೆಗೂ ಕುಂಕುಮ. ಶಿದ್ದಪ್ಪನಂಥವರಿಗೆ ವಿಳಾಸ ಓದುವ ಮೊದಲು ಮೂಲೆಗಳೇ ಕಾಣುತ್ತವೆ.

"ಶನಿವಾರ ಬಂತ್ರಿ," ಎಂದ ಅವನು. "ನಿಮ್ದು ಗೌರಿಪೂಜಿ ಐದನೇ ವರ್ಸದ್ದು. ಅದಾರ ಮುಗೀಲಿ ಅಂದ್ನಿ. ಆಮ್ಯಾಲ ನನ್ನ ಕೈಲೆ ಆಗ್ಲಿಲ್ರಿ."

"ಯಾರರೆ ಓದೀರೇನು?"

"ಅಂಥಾ ಕಾರ್ಡ ನಾವು ಓದೂದಿಲ್ರಿ. ರಮಾಕಾಂತ ಸಾಹೇಬ್ರಿಗೆ ತೋರಿಸಿದ್ನಿ, ಏನ್ ಮಾಡ್ಲಿ ಅಂತ ಕೇಳಾಕ. ಅವ್ರೂ ಹೊಳ್ಳಿಸಿ ನೋಡ್ಲಿಲ್ಲ. ಹಬ್ಬಾ ಮುಗೀಲಿ ಶಿದ್ದಪ್ಪಾ ಅಂದ್ರು."

ಮಂದಾಕಿನಿ ಕಲ್ಲಿನ ಹತ್ತಿರ ಹೋದಳು. ಕಾರ್ಡು ವಿಳಾಸದ ಮುಖ ಮೇಲಾಗಿ ಬಿದ್ದಿತ್ತು. ಅಲ್ಲಿಯ ರಾಜನ ಸ್ಟಾಂಪು, ಯುದ್ಧ ಬಂದಾಗಿನಿಂದ ಎಲ್ಲ ಕಾಗದಗಳ ಮೇಲೂ ಬೀಳುವ ಸರಕಾರದ ಮುದ್ರೆ. ವಿಳಾಸ ಇಂಗ್ಲಿಷಿನಲ್ಲಿತ್ತು, ಅಕ್ಷರ ಅವರದಲ್ಲ. ಅವರದು ಒತ್ತಿ ಬರೆದ, ಬಲಕ್ಕೆ ಬಾಗಿದ ಅಕ್ಷರ. ಇದು ಸಣ್ಣ, ದುಂಡಗಿನ, ಹೆಂಗಸಿನ ಕೈ. ತನ್ನ ಹೆಸರನ್ನು ಆ ಬೇರೆ ಕೈಯಲ್ಲಿ ಅವಳು ಎರಡು ಸಲ ನೋಡಿದಳು.

ಅವಳ ಕಣ್ಣು ಹೋಗಿ ಮೂಲೆಯ ಮೇಲೆಯೇ ನಿಂತಿತು. ಅಳುವ ಕೈ ಹರಿದ ಮೂಲೆಗಳನ್ನು ಅವಳು ನೋಡಿದ್ದಳು. ತವರಿನಲ್ಲಿ ಅಜ್ಜ ಹೋದಾಗ ಅಪ್ಪ ಇಪ್ಪತ್ತು ಕಾರ್ಡು ಬರೆದು ಒಂದೊಂದರ ಮೂಲೆಯನ್ನೂ ಬೆರಳಿನಿಂದ ಕಿತ್ತಿದ್ದರು. ಒಂದು ಸೊಟ್ಟ, ಒಂದು ಅರ್ಧ, ಒಂದರ ಅಂಚು ಎಳೆ ಎಳೆ. ಇದು ಹಾಗಿರಲಿಲ್ಲ. ರವಿಕೆಯ ಅರಿವೆಗೆ ಕತ್ತರಿ ಹಾಕಿದ ಹಾಗೆ ಅಂಚು ನೆಟ್ಟಗಿತ್ತು. ಹೀಗೆ ಅಳತೆ ಮಾಡಿ ಯಾರು ಕತ್ತರಿಸುತ್ತಾರೆ? ಅಲ್ಲದೆ, ಈ ಪದ್ಧತಿ ಅಲ್ಲಿಯವರಿಗೆ ಯಾರು ಹೇಳಿಕೊಟ್ಟರು? ಗೌಸಮೊದ್ದೀನ ಹೇಳಿರಬಹುದೇ? ಅಲ್ಲಿಗೆ ಬಂದು ಅವಳ ವಿಚಾರ ತಡೆಯಿತು. ಹಿಂದೆ ಅಡುಗೆಮನೆಯಲ್ಲಿ ತಾರಾ ಅಜ್ಜಿಯ ಕೊರಳಿಗೆ ಜೋತುಬಿದ್ದು ನಗುತ್ತಿದ್ದಳು, ಇಷ್ಟು ಹೊತ್ತಿನಲ್ಲಿ ಅಜ್ಜಿ ಸಿಕ್ಕಿದ್ದೇ ಅವಳಿಗೆ ಹಬ್ಬ.

ಮಂದಾಕಿನಿ ಕೈ ಚಾಚಿ ಕಾರ್ಡು ಎತ್ತಿದಳು. ಹೊಳ್ಳಿಸಿದಳು.

ಆ ಮಗ್ಗುಲು ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಿಂದ ಅಂಚಿನಿಂದ ಅಂಚಿನವರೆಗೆ ತುಂಬಿತ್ತು. ಒಂದು ಶಬ್ದವೂ ಅವಳಿಗೆ ಹತ್ತಲಿಲ್ಲ. ಕಟ್ಟಕಡೆಗೆ, ಎರಡು ಬೆರಳಿನಷ್ಟು ಜಾಗ ಬಿಟ್ಟಲ್ಲಿ, ಪೆನ್ಸಿಲಿನಿಂದ ಬರೆದ ಕನ್ನಡ ಇತ್ತು. ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ ಬಿದ್ದಿತ್ತು, ಸಾಲೆಗೆ ಹೊಸದಾಗಿ ಹಾಕಿದ ಹುಡುಗ ಪಾಟಿಯ ಮೇಲೆ ಬರೆದಂತೆ. ಅದನ್ನು ಓದಲು ಅವಳಿಗೆ ಯಾರ ಸಹಾಯವೂ ಬೇಕಾಗಿರಲಿಲ್ಲ.

ಛಲೋ ಇದ್ದೇನಿ. ತ್ರ್ಯಂಬಕ.

ಅವಳು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತಳು. ಕಲ್ಲು ಹಸಿಯಿತ್ತು, ಸೀರೆ ತೊಯ್ಯಿತು, ಅದು ಅವಳಿಗೆ ಹಿತವೆನಿಸಿತು. ಆ ಎರಡು ಮಾತನ್ನು ಮತ್ತೆ ಓದಿದಳು. ಬೆರಳಿನಿಂದ ಒರೆಸಿ ನೋಡಿದಳು, ಪೆನ್ಸಿಲು ಸ್ವಲ್ಪ ಹತ್ತಿತು. ಶಿದ್ದಪ್ಪ ತಲೆ ತಗ್ಗಿಸಿ ಅಳು ಬರುವುದನ್ನು ಕಾಯುತ್ತ ನಿಂತಿದ್ದ. ಅಳುವಿನ ಬದಲು ಅವಳು ನೀರು ಬೇಕೇನು ಎಂದು ಕೇಳಿದ್ದಕ್ಕೆ ಗಾಬರಿಯಾಗಿ ತಲೆಯೆತ್ತಿದ.

"ಇದ್ದಾರ, ಶಿದ್ದಪ್ಪಾ," ಎಂದಳು ಮಂದಾಕಿನಿ. "ತಾವೇ ಬರದಾರ. ಇಲ್ಲಿ ನೋಡು."

ಶಿದ್ದಪ್ಪ ನೋಡಿದ. ಕನ್ನಡ ಅವನಿಗೆ ಓದಲು ಬರುತ್ತಿತ್ತು. ಐದು ದಿನ ಎದೆಯ ಮೇಲೆ ಇಟ್ಟುಕೊಂಡು ತಿರುಗಿದ ಕಾರ್ಡಿನ ಹಿಂಬದಿಯಲ್ಲಿ ಆ ಎರಡು ಮಾತು ಇದ್ದವೆಂದು ತಿಳಿದು ಅವನು ಟಪಾಲಿನ ಚೀಲ ನೆಲಕ್ಕಿಟ್ಟು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಅವನ ರುಮಾಲು ಬಾಯಿಯ ಮೇಲಿತ್ತು, ಹೆಗಲು ಅಲುಗುತ್ತಿತ್ತು. ಮಂದಾಕಿನಿಗೆ ಸಿಟ್ಟು ಬಂದದ್ದು ಆಗ. ಐದು ದಿನ! ಎಂದು ಬಾಯಿಗೆ ಬಂತು. ಆದರೆ ಆ ಮನುಷ್ಯ ಊಟ ಸರಿಯಾಗಿ ಮಾಡಿ ಎಷ್ಟು ದಿನವಾಯಿತೋ ಎನ್ನುವ ಹಾಗೆ ಕೆನ್ನೆ ಒಳಗೆ ಹೋಗಿದ್ದವು. ಅವಳು ಎದ್ದು ಒಳಗೆ ನಡೆದಳು. ಮೂಲೆ ಇಲ್ಲದ ಕಾರ್ಡು ಹಿಡಿದು ಹೊಸ್ತಿಲು ದಾಟಿದ್ದು ಆ ಮೇಲೆ ಅವಳ ಅರಿವಿಗೆ ಬಂತು.

ಗೋದಾಬಾಯಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಿದ್ದರು. ಒಲೆಯ ಮೇಲೆ ಎಸರು ಉಕ್ಕಿ ಬೆಂಕಿ ಆರುತ್ತಿತ್ತು.

"ಇದ್ದಾರ್ರಿ ಅತ್ಯಾ. ಛಲೋ ಇದ್ದಾರ."

ಗೋದಾಬಾಯಿ ಕೂಸನ್ನು ಕೆಳಗಿಳಿಸಿ, ಸೆರಗಿನಿಂದ ಮುಖ ಒತ್ತಿಕೊಂಡರು. ಆಮೇಲೆ ಹೋಗಿ ಒಲೆಯ ಕಟ್ಟಿಗೆ ಮುಂದೆ ತಳ್ಳಿ ಊದಿದರು.

ಇಂಗ್ಲಿಷ್ ಓದಲು ಕಾಕಾನನ್ನು ಕರೆಯಲು ಶಿದ್ದಪ್ಪನೇ ಓಡಿದ. ಕರೆ ಹೋದ ಕೂಡಲೇ ಕಾಕಾ, ಕಾಶೀಕಾಕು ಇಬ್ಬರೂ ಬಂದರು. ಕಾಕು ಹೊಸ್ತಿಲಿನ ಹೊರಗೇ ನಿಂತು ಮಂದಾಕಿನಿಯ ಮುಖ ನೋಡಿದವರು, ಅವಳ ಹಣೆಯ ಕುಂಕುಮ ಹಾಗೆಯೇ ಇರುವುದನ್ನು ಕಂಡು ಚೌಕಟ್ಟು ಹಿಡಿದರು. ಕಾಕಾ ಕಾರ್ಡನ್ನು ಮೊದಲು ಹಿಂದೆ ನೋಡಿದರು, ಮುಂದೆ ನೋಡಿದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕಚೇರಿಯಲ್ಲಿ ಅವರು ಹೊಸ ಕಾರಕೂನರಿಗೆ ಹೇಳುತ್ತಿದ್ದುದು ಒಂದೇ ಮಾತು, ಓಣಿಗೆಲ್ಲ ಬಾಯಿಪಾಠ: ಯಾವ ಕಾಗದವನ್ನೂ ಹಿಂದಿನ ಷರಾ ನೋಡದೆ ಕೆಳಗಿಡಬಾರದು.

"ಮೂವತ್ತು ವರ್ಷ ಹೊಳ್ಳಿಸಿ ನೋಡೀನವಾ ಮಂದಾ," ಎಂದರು ಕಾಕಾ. "ಇದೊಂದನ್ನ ನೋಡೂ ಧೈರ್ಯ ಆಗಲಿಲ್ಲ."

ಬರೆದವಳು ಮಿಸೆಸ್ ಗ್ರೇ; ಏಪ್ರಿಲಿನಲ್ಲಿ ಹಾಕಿದ ಕಾರ್ಡು ಯುದ್ಧದ ದಾರಿಯಲ್ಲಿ ಬಂದು ಮುಟ್ಟಲು ಮೂರು ತಿಂಗಳು ಹಿಡಿದಿತ್ತು. ಕಾಕಾ ಒಂದೊಂದೇ ಸಾಲು ಓದಿ, ಕಚೇರಿಯ ಹುಕುಮು ಹೇಳುವ ಗತ್ತಿನಲ್ಲೇ ಕನ್ನಡ ಮಾಡಿದರು. ನಿಮ್ಮ ಗಂಡನ ಬಲಗೈ ಸುಟ್ಟಿದೆ, ಬರೆಯಲು ಆಗುವುದಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಹೆದರಬೇಡಿರಿ, ಸುಟ್ಟದ್ದು ಬಾಂಬಿನಿಂದ ಅಲ್ಲ, ಚಹಾದಿಂದ. ದಾಳಿಯಲ್ಲಿ ಮನೆ ಕಳಕೊಂಡವರನ್ನು ಒಂದು ಚರ್ಚಿನ ದೊಡ್ಡ ಕೋಣೆಯಲ್ಲಿ ಇಳಿಸಿದ್ದರು. ಇವರು ಎರಡು ದಿನ ಹಾಸಿಗೆ ಕಾಣದೆ ಅವರಿಗೆ ಚಹಾ ಬ್ರೆಡ್ಡು ಹಂಚುತ್ತಿದ್ದರು. ಮೂರನೆಯ ದಿನ ನಿದ್ದೆಗಣ್ಣಿನಲ್ಲಿ ಮೆಟ್ಟಿಲ ಮೇಲೆ ಕಾಲು ಜಾರಿ ಚಹಾದ ದೊಡ್ಡ ಡಬರಿ ಕೈಮೇಲೆ ಮಗುಚಿತು. ಬೆರಳುಗಳೆಲ್ಲ ಮೊದಲಿನ ಹಾಗೆ ಮಡಚುತ್ತವೆ ಎಂದು ಡಾಕ್ಟರು ಹೇಳಿದ್ದಾರೆ. ಪರೀಕ್ಷೆ ಮಾತ್ರ ಮುಂದೆ ಹೋಯಿತು. ಈಗ ನನ್ನ ಅಡುಗೆಮನೆಯ ಬೆಂಕಿಯ ಮುಂದೆ ಕೂತು, ಇಷ್ಟು ದಿನ ಮರ್ಯಾದೆಗೆ ಸುಮ್ಮನಿದ್ದವರು, ಕೋಬೀಜಿಗೆ ಉಪ್ಪಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಾರೆ. ಅವರ ಊರಕಡೆಯ ಹಡಗಿನ ಗೆಳೆಯ ದವಾಖಾನೆಯಿಂದ ಬಿಡುಗಡೆಯಾಗಿ ದಿನವೂ ಬಂದು ಅವರಿಗೆ ಅಡುಗೆ ಮಾಡಿ ಉಣ್ಣಿಸುತ್ತಾನೆ. ಅವನ ಮೆಣಸಿನಕಾಯಿಯ ಘಾಟಿಗೆ ನಾನೂ ನನ್ನ ಬೆಕ್ಕೂ ಹಿತ್ತಲಿಗೆ ಹೋಗಿ ನಿಲ್ಲುತ್ತೇವೆ.

ಮೂಲೆಯ ಗುಟ್ಟೂ ಕಾಕಾನಿಗೆ ಆಗಲೇ ಹೊಳೆಯಿತು. ಮೇಲಿನ ಸಾಲು ಕತ್ತರಿಸಿದಲ್ಲಿ ಅರ್ಧಕ್ಕೆ ನಿಂತಿತ್ತು. ಆ ಮೂಲೆಯಲ್ಲಿ ಮುದುಕಿ ಬಾಂಬು ಬಿದ್ದ ಜಾಗ, ದಿನ ಬರೆದಿರಬೇಕು. ಯುದ್ಧಕಾಲದಲ್ಲಿ ಅಂಥದ್ದನ್ನು ಸರಕಾರದವರು ದಾರಿಯಲ್ಲೇ ಓದಿ ಕತ್ತರಿಸಿ ತೆಗೆಯುತ್ತಾರೆ.

ಗೋದಾಬಾಯಿ ಒಲೆಯ ಮುಂದಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ಹಡಗು ಹತ್ತುವ ಮೊದಲು ತ್ರ್ಯಂಬಕ ತಾಯಿಗೆ ಕೊಟ್ಟ ವಚನಗಳಲ್ಲಿ ಚಹಾ ಮುಟ್ಟುವುದಿಲ್ಲ ಎಂಬುದೂ ಒಂದು.

"ಕುಡ್ಯಾಂವ ಅಲ್ಲ ಬಿಡಾಂವ ಅಲ್ಲ," ಎಂದರು, "ಹೊರಲಿಕ್ಕೆ ಯಾಕ ಹೋಗಿದ್ದ?"

ಕಾಶೀಕಾಕುಗೆ ಅಳುವಿನ ನಡುವೆ ನಗು ಬಂತು. ಹಡಗಿನ ಗೆಳೆಯ ಎಂದರೆ ಯಾರು ಎಂದು ಗೋದಾಬಾಯಿ ಕೇಳಿದರು. ಬೆಂಗೇರಿಯ ಶಮೀಮಳ ಮಗ ಎಂದಳು ಮಂದಾಕಿನಿ. ಕಾಕಾ ಕಾರ್ಡನ್ನೇ ನೋಡುತ್ತ ಕೂತರು.

"ಅಂವಾರೆ ಉಪ್ಪು ಸರಿ ಹಾಕ್ತಾನೋ ಇಲ್ಲೋ?" ಎಂದರು ಗೋದಾಬಾಯಿ.

ಅವತ್ತು ಎಲ್ಲರ ಊಟ ತಡವಾಯಿತು. ಶಿದ್ದಪ್ಪನಿಗೆ ಪಡಸಾಲೆಯಲ್ಲಿ ಎಲೆ ಹಾಕಿ ಉಂಡಿ ಬಡಿಸಿದರು. ಮೂರು ತಿಂದು, ಉಳಿದ ಓಣಿಯ ಟಪಾಲು ಕಾಯುತ್ತಿದೆ ಎಂದು ಎದ್ದ. ಗೇಟಿನಲ್ಲಿ ನಿಂತು, ನಾಳೆ ಬರುತ್ತದೆ ಎಂದು ರೂಢಿಯಂತೆ ಹೇಳಹೊರಟವನು ನಾಲಿಗೆ ಕಚ್ಚಿಕೊಂಡ. ಮಂದಾಕಿನಿ ಅವನಿಗೆ ಒಂದು ಮಾತು ಹೇಳಿದಳು. ದಂಡಿಗೆ ಹೋದ ಮಕ್ಕಳ ಕಾರ್ಡು ಲಕಮನಹಳ್ಳಿಗೂ ಬರುತ್ತವೆ. ಇನ್ನು ಮುಂದೆ ಮೂಲೆ ಇಲ್ಲದ್ದು ಬಂದರೆ ಕಿಸೆಯಲ್ಲಿ ಇಟ್ಟುಕೊಳ್ಳಬೇಡ, ಓದಲು ಬಾರದವರ ಮನೆಯದಾದರೆ ಅವರನ್ನು ಕರೆದುಕೊಂಡು ನನ್ನ ಹತ್ತಿರ ಬಾ, ಸುದ್ದಿ ಯಾವುದಾದರೂ ಇರಲಿ, ಮೊದಲು ಹೊಳ್ಳಿಸಿ ನೋಡೋಣ. ಶಿದ್ದಪ್ಪ ಹೂಂ ಅಂದ. ಆ ಮಾತನ್ನು ಅವನು ಯುದ್ಧ ಮುಗಿಯುವವರೆಗೆ ನಡೆಸಿದ. ಮಂದಾಕಿನಿ ಮಧ್ಯಾಹ್ನಗಳಲ್ಲಿ ಕಾಕಾನ ಹತ್ತಿರ ಇಂಗ್ಲಿಷ್ ಕಲಿಯತೊಡಗಿದ್ದು ಆ ವಾರದಿಂದಲೇ.

ರಾತ್ರಿ ತಾರಾ ಮಲಗಿದ ಮೇಲೆ ಅವಳು ಅತ್ತೆಯ ಹತ್ತಿರ ಕೂತು, ಇಷ್ಟು ದಿನ ಕಾಗದ ಓದುವಾಗ ಕೆಲವು ಮಾತು ಬಿಟ್ಟಿದ್ದೆ ಎಂದು ಹೇಳಿಕೊಂಡಳು.

"ಗೊತ್ತಿತ್ತು," ಎಂದರು ಗೋದಾಬಾಯಿ. "ಬಿಟ್ಟಲ್ಲೆ ನಿನ್ನ ದನಿ ಜಿಗೀತಿತ್ತು. ನೀ ಓದ್ಲಾರದ್ದನ್ನ ನಾ ಕೇಳಿ ಏನ್ ಮಾಡ್ಲಿ ಅಂತ ಸುಮ್ಮನಿದ್ದೆ."

ಮರುದಿನ ಮಂದಾಕಿನಿ ಪಂಚಮಿಯ ಉಂಡಿ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋದಳು. ಗೌಸಮೊದ್ದೀನ ದವಾಖಾನೆಯಿಂದ ಹೊರಬಿದ್ದದ್ದು ಶಮೀಮಳಿಗೆ ಗೊತ್ತೇ ಇರಲಿಲ್ಲ. ಮಗ ನೆಟ್ಟಗೆ ನಿಂತು ಒಲೆ ಹಚ್ಚುತ್ತಿದ್ದಾನೆ ಎಂದು ಕೇಳಿದ್ದೇ ತಡ, ಮನೆಯಲ್ಲಿದ್ದಾಗ ಒಂದು ದಿನ ನೀರು ಕೂಡ ಕಾಯಿಸಿದವನಲ್ಲ ಎಂದು ಅವನನ್ನು ಬಯ್ಯುತ್ತ, ಬಯ್ಯುತ್ತ ಕಣ್ಣು ಒರೆಸಿಕೊಂಡಳು. ಬರುವಾಗ ತಾರಾಳ ಕೈಗೆ ಹಸಿರು ಬಳೆ ಇಟ್ಟಳು.

ಶ್ರಾವಣದ ಎರಡನೆಯ ಮಂಗಳವಾರ ಎಲ್ಲರಿಗಿಂತ ಮೊದಲು ಬಂದವರು ಕಾಶೀಕಾಕು. ಹಾಡು ಹೇಳಿದರು, ಒಂದಲ್ಲ ನಾಲ್ಕು. ಮಂಗಳಾರತಿಯಾದ ಮೇಲೆ ಆ ಕಾರ್ಡನ್ನು ಎಲ್ಲಿ ಇಡಬೇಕೆಂಬ ಮಾತು ಬಂತು. ಮೂಲೆ ಇಲ್ಲದ ಕಾಗದವನ್ನು ಮನೆಯಲ್ಲಿ ಇಡುವ ರೂಢಿಯಿಲ್ಲ, ಹರಿದು ಒಗೆಯಲು ಯಾರ ಕೈಯೂ ಏಳದು. ಗೋದಾಬಾಯಿಯೇ ದೇವರ ಹಲಗೆಯನ್ನು ತೋರಿಸಿದರು. ತಾವು ವಿಧವೆ, ಕುಂಕುಮ ಮುಟ್ಟುವವರಲ್ಲ. ಸೊಸೆಗೆ ಹಚ್ಚು ಎಂದರು. ಮಂದಾಕಿನಿ ಕಾರ್ಡನ್ನು ಗೌರಿಯ ಮುಂದೆ ಹಲಗೆಯ ಮೇಲೆ ಇಟ್ಟು, ಪೆನ್ಸಿಲಿನ ಆ ಎರಡು ಮಾತು ಮೇಲೆ ಬರುವಂತೆ ಹೊಳ್ಳಿಸಿ, ಒಂದು ಮೂಲೆಗೆ ಹಚ್ಚಿದಳು, ಎರಡನೆಯದಕ್ಕೆ ಹಚ್ಚಿದಳು, ಮೂರನೆಯದಕ್ಕೆ ಹಚ್ಚಿದಳು. ನಾಲ್ಕನೆಯದಕ್ಕೆ ಬೆರಳು ಒಯ್ದಾಗ ಅಲ್ಲಿ ಕಾರ್ಡು ಇರಲಿಲ್ಲ. ಅತ್ತೆಯ ಮುಖ ನೋಡಿದಳು. ಗೋದಾಬಾಯಿ ಹೂಂ, ಹಚ್ಚು ಎನ್ನುವಂತೆ ತಲೆಯಾಡಿಸಿದರು.

ಕುಂಕುಮ ಹಲಗೆಗೆ ಹತ್ತಿತು.